ಗಾಜು ಒಡೆದ ಆರೋಪ, ಬಾಲಕನ ದಾಖಲೆ

ಲಗ್ಗೆರೆಯಂಥ ಇಕ್ಕಟ್ಟಿನ ಬಡಾವಣೆಯಲ್ಲಿ ಬೀದಿಬದಿ ನಿಲ್ಲಿಸಿದ ಕಾರಿನ ಗಾಜು ಒಡೆದ ಆರೋಪ 18 ವರ್ಷ ತುಂಬದವನ ಮೇಲೆ ಬಂದಾಗ, ಆ ಕೃತ್ಯ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ ಅಪರಾಧವೇ ಆದರೂ, ವಿಚಾರಣೆ ನಡೆಯುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ. ಘೋರ ಅಪರಾಧವಲ್ಲದ, ಅಂದರೆ ಕನಿಷ್ಠ 7 ವರ್ಷ ಶಿಕ್ಷೆ ಇಲ್ಲದ, ವಯಸ್ಕರೂ ಜೊತೆಗಿರದ ಪ್ರಕರಣದಲ್ಲಿ ಎಫ್‌ಐಆರ್ ದಾಖಲಿಸದೆ ಠಾಣೆಯ ದಿನಚರಿಯಲ್ಲಿ ಮಾತ್ರ ಬರೆಯಬೇಕೆಂದು 2016ರ ಕೇಂದ್ರ ಮಾದರಿ ನಿಯಮಗಳು ಹೇಳುತ್ತವೆ. ಬಾಲಕನನ್ನು ಲಾಕಪ್‌ನಲ್ಲಿಡುವಂತಿಲ್ಲ. ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜಸೇವಕರಿರುವ ಬಾಲನ್ಯಾಯ ಮಂಡಳಿಯು ಆಪ್ತಸಮಾಲೋಚನೆ, ಸಮುದಾಯ ಸೇವೆ ಅಥವಾ ದಂಡವನ್ನು ವಿಧಿಸಬಹುದು. ಗಂಭೀರವೆನಿಸಿದರೆ ಗರಿಷ್ಠ 3 ವರ್ಷ ವಿಶೇಷ ಗೃಹಕ್ಕೂ ಕಳುಹಿಸಬಹುದು.

ಪೋಷಕರ ನಿಜವಾದ ಅಂಜಿಕೆ ಮುಂದಿನ ನೌಕರಿಯದು. ಕಾಯ್ದೆಯ 24ನೇ ಕಲಮಿನಂತೆ ಇಂಥ ತೀರ್ಪಿನಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು. ಮುಗಿದ ಪ್ರಕರಣವನ್ನು ಪೊಲೀಸರು ನಡತೆ ಪ್ರಮಾಣಪತ್ರದಲ್ಲಿ ತೋರಿಸುವಂತಿಲ್ಲ. ಆದರೆ ಸರ್ಕಾರಿ ಕಡತಕ್ಕಿಂತ ಹಟಮಾರಿಯಾದದ್ದು ಬಡಾವಣೆಯ ವಾಟ್ಸಾಪ್ ಗುಂಪು: ಪ್ರಕರಣದ ವರದಿಯ ಜೊತೆ ಬಾಲಕನ ಹೆಸರು, ಶಾಲೆ, ಚಿತ್ರ ಬಹಿರಂಗಪಡಿಸಿದವರಿಗೆ 74ನೇ ಕಲಮಿನಡಿ 6 ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.