ಮಾಸು ಕೆಳಗಿದ್ದರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆಯೇ?

ಐದನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಲೋ ಲೈಯಿಂಗ್ ಪ್ಲಸೆಂಟಾ’ ಎಂದಿದ್ದರೆ ಮಾಸು ಗರ್ಭಕೋಶದ ಕೆಳಭಾಗಕ್ಕೆ ಅಂಟಿಕೊಂಡಿದೆ ಎಂದರ್ಥ. ಮಾಸಿನ ಅಂಚು ಗರ್ಭಕೋಶದ ಒಳಬಾಯಿಂದ 20 ಮಿ.ಮೀ. ಒಳಗಿದ್ದರೆ ಈ ಹೆಸರು. ಬಾಯಿಯನ್ನೇ ಮುಚ್ಚಿದ್ದರೆ ಅದು ‘ಪ್ಲಸೆಂಟಾ ಪ್ರೀವಿಯಾ’. ಹಿಂದೆ ಸಿಸೇರಿಯನ್ ಆದವರಲ್ಲಿ, ಐವಿಎಫ್‌ನಿಂದ ಗರ್ಭ ಧರಿಸಿದವರಲ್ಲಿ, ಧೂಮಪಾನಿಗಳಲ್ಲಿ ಇದು ಹೆಚ್ಚು.

ಮಗುವಿಗೆ ಆಹಾರ, ಆಮ್ಲಜನಕ ಎರಡೂ ಮಾಸಿನ ಮೂಲಕವೇ ಸಿಗುವುದರಿಂದ ‘ಮಗು ಸಣ್ಣದಾಗಿಬಿಡುತ್ತದೆಯೇ’ ಎಂಬ ಆತಂಕ ಸಹಜ. ಆದರೆ ಬೆಳವಣಿಗೆ ನಿಂತಿರುವುದು ಮಾಸು ಎಲ್ಲಿದೆ ಎಂಬುದಕ್ಕಿಂತ ಅದರೊಳಗಿನ ರಕ್ತ ಸಂಚಾರ ಹೇಗಿದೆ ಎಂಬುದರ ಮೇಲೆ. ಕೆಳಗಿದ್ದೂ ಚೆನ್ನಾಗಿ ಕೆಲಸ ಮಾಡುವ ಮಾಸೇ ಹೆಚ್ಚು. ಪ್ರೀವಿಯಾ ಇದ್ದವರ ಮಕ್ಕಳಲ್ಲಿ ತೂಕ ತುಸು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿದರೆ, ಅಂಥ ವ್ಯತ್ಯಾಸವೇ ಕಾಣಲಿಲ್ಲ ಎಂದು ಇನ್ನು ಕೆಲವು ಹೇಳುತ್ತವೆ. ತಾಯಿಗೆ ಬಿಪಿ, ತೀವ್ರ ರಕ್ತಹೀನತೆ ಇದ್ದರೆ ಅಥವಾ ಹೊಕ್ಕುಳಬಳ್ಳಿ ಮಾಸಿನ ಅಂಚಿಗೆ ಸೇರಿಕೊಂಡಿದ್ದರೆ ಮಗುವಿನ ತೂಕದ ಮೇಲೆ ಹೆಚ್ಚು ನಿಗಾ ಬೇಕಾಗುತ್ತದೆ.

ಮಗುವಿಗೆ ನಿಜವಾದ ಅಪಾಯ ಅವಧಿಗೆ ಮುನ್ನ ಹುಟ್ಟುವುದರಲ್ಲಿದೆ. ಕೊನೆಯ ತಿಂಗಳುಗಳಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗಿ ತೆಳುವಾದಾಗ ಮಾಸಿನ ಅಂಚು ಬಿಟ್ಟುಕೊಂಡು, ನೋವೇ ಇಲ್ಲದೆ ಕೆಂಪು ರಕ್ತ ಹೋಗಬಹುದು. ಹೆಚ್ಚು ಹೋದರೆ ಹೆರಿಗೆಯನ್ನು ಮುಂದೂಡುವಂತಿಲ್ಲ. 34 ವಾರಕ್ಕೆ ಹುಟ್ಟಿ ಎರಡು ಕಿಲೋ ಚಿಲ್ಲರೆ ತೂಗುವ ಮಗುವನ್ನು ನೆಂಟರು ‘ಬೆಳೆದೇ ಇಲ್ಲ’ ಎನ್ನುತ್ತಾರೆ. ಅದು ತನ್ನ ವಾರಗಳಿಗೆ ತಕ್ಕಷ್ಟೇ ಬೆಳೆದಿರುತ್ತದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದರೆ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು.

ಸಮಾಧಾನದ ಸಂಗತಿಯೆಂದರೆ, ಐದನೇ ತಿಂಗಳಲ್ಲಿ ಕೆಳಗಿದ್ದ ಮಾಸು ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಹೆರಿಗೆಯ ಹೊತ್ತಿಗೆ ಬಾಯಿಂದ ದೂರ ಸರಿದಿರುತ್ತದೆ. ಮಾಸು ಕಿತ್ತುಕೊಂಡು ಮೇಲೇರುವುದಿಲ್ಲ. ಗರ್ಭಕೋಶ ಬೆಳೆದಂತೆ ನಡುವಿನ ಅಂತರ ಹಿಗ್ಗುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದರೆ ಹೀಗೆ ಸರಿಯುವ ಸಾಧ್ಯತೆ ಕಡಿಮೆ. ಮಾಸು ಹಳೆಯ ಹೊಲಿಗೆಯ ಜಾಗದಲ್ಲಿ ಆಳಕ್ಕೆ ಬೇರೂರಿದೆಯೇ ಎಂದೂ ನೋಡಬೇಕು. 32ನೇ ವಾರದ ಸುಮಾರಿಗೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಎಂದರೆ ಹಲವರಿಗೆ ಹೆದರಿಕೆ. ಅದು ಸುರಕ್ಷಿತ, ಅಂತರವನ್ನು ಹೆಚ್ಚು ನಿಖರವಾಗಿ ತೋರಿಸುವುದೂ ಅದೇ. ಆಗಲೇ ಮಗುವಿನ ತಲೆ, ಹೊಟ್ಟೆ, ತೊಡೆಮೂಳೆಗಳ ಅಳತೆಯೂ ಸಿಗುತ್ತದೆ. ಮಾಸು ಕೆಳಗಿದ್ದಾಗ ಮಗು ಅಡ್ಡ ಮಲಗುವುದು ಹೆಚ್ಚು. ಆಗ ಹೊಟ್ಟೆಯ ಮೇಲೆ ಟೇಪು ಹಿಡಿದು ಅಳೆದರೆ ಮಗು ಇರುವುದಕ್ಕಿಂತ ಸಣ್ಣದಾಗಿ ಕಂಡೀತು.

ಇಡೀ ದಿನ ಹಾಸಿಗೆ ಹಿಡಿದು ಮಲಗಿದರೆ ಮಾಸು ಮೇಲೇರುವುದೂ ಇಲ್ಲ, ಮಗುವಿನ ತೂಕ ಹೆಚ್ಚುವುದೂ ಇಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಪ್ರೀವಿಯಾ ಇದ್ದವರು ಸಂಭೋಗ ಬಿಡಬೇಕು. ರಕ್ತ ಎಷ್ಟೇ ಕಡಿಮೆ ಹೋದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಕೊನೆಯವರೆಗೂ ಬಾಯಿ ಮುಚ್ಚಿಕೊಂಡೇ ಇರುವ ಮಾಸಿಗೆ, ರಕ್ತಸ್ರಾವವಿಲ್ಲದಿದ್ದರೂ, 36ರಿಂದ 37 ವಾರಗಳ ಆಸುಪಾಸಿನಲ್ಲಿ ಸಿಸೇರಿಯನ್ ಮಾಡುತ್ತಾರೆ. ಅಂಚು 20 ಮಿ.ಮೀ.ಗಿಂತ ದೂರ ಸರಿದಿದ್ದು ಬೇರೆ ತೊಡಕಿಲ್ಲದಿದ್ದರೆ ಸಹಜ ಹೆರಿಗೆಗೆ ಕಾಯಬಹುದು.