ಗಳಿಗೆ ನೋಡಿ ಇಳಿಯಬೇಕಾದ ‘ಜೋಳದ ಹಿಮ’

ಹಿಮದ ಮೇಲಿನ ಜಾರಾಟ ಎಂದೊಡನೆ ನೆನಪಾಗುವುದು ಕೊರೆಯುವ ಚಳಿ, ಅರಳೆಯಂಥ ಹೊಸ ಹಿಮ. ಆದರೆ ಅಮೆರಿಕದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಸ್ಕೀಯಿಂಗ್ ಪ್ರಿಯರು ಅನೇಕರು ಚಳಿಗಾಲ ಮುಗಿಯುವುದನ್ನೇ ಕಾಯುತ್ತಾರೆ. ಏಪ್ರಿಲ್, ಮೇ ಬಂತೆಂದರೆ ಸ್ಕೀ ಪಟ್ಟಿಗಳನ್ನು ಹೊತ್ತು ಮೌಂಟ್ ವಾಷಿಂಗ್ಟನ್ ಪರ್ವತದ ಟಕರ್‌ಮನ್ ಕಮರಿಯತ್ತ ಹೊರಡುತ್ತಾರೆ. ಅಲ್ಲಿ ಮೇಲಕ್ಕೊಯ್ಯುವ ಯಂತ್ರಗಳಿಲ್ಲ. ಎಷ್ಟು ಇಳಿಯಬೇಕೋ ಅಷ್ಟನ್ನೂ ಕಾಲ್ನಡಿಗೆಯಲ್ಲೇ ಹತ್ತಬೇಕು.

6,288 ಅಡಿ ಎತ್ತರದ ಈ ಪರ್ವತ ಗಾಳಿಗೆ ಹೆಸರಾದದ್ದು. 1934ರ ಏಪ್ರಿಲ್ 12ರಂದು ಇಲ್ಲಿ ದಾಖಲಾದ ಗಾಳಿಯ ವೇಗ ಗಂಟೆಗೆ 231 ಮೈಲಿ. ಪಶ್ಚಿಮದ ಗಾಳಿ ಬೋಳು ನೆತ್ತಿಯ ಹಿಮವನ್ನು ಗುಡಿಸಿ ಪೂರ್ವ ಮಗ್ಗುಲಿನ ಕಮರಿಗೆ ತುಂಬುತ್ತದೆ. ಸುತ್ತಲಿನ ಹಿಮ ಕರಗಿದ ಮೇಲೂ ಇಲ್ಲಿನ ದಾಸ್ತಾನು ಉಳಿಯುವುದು ಅದರಿಂದಲೇ.

ಆದರೆ ವಸಂತದ ಹಿಮ ಹೂವಿನಂಥ ಹಳಳಲ್ಲ. ಹಗಲಿನ ಬಿಸಿಲಿಗೆ ಅದರ ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹಲವು ದಿನ ಹೀಗೇ ನಡೆದರೆ ಸಣ್ಣ ಹರಳುಗಳು ಕರಗಿ, ದೊಡ್ಡವು ಬೆಳೆದು, ನೆನೆಸಿದ ಸಬ್ಬಕ್ಕಿಯಂಥ ದುಂಡು ಕಾಳುಗಳಾಗುತ್ತವೆ. ಇದೇ ‘ಕಾರ್ನ್ ಸ್ನೋ’, ಅಂದರೆ ಜೋಳದ ಹಿಮ.

ಈ ಹಿಮಕ್ಕೆ ಗಡಿಯಾರವೇ ಒಡೆಯ. ಬೆಳಗಿನ ಜಾವ ಕಾಳುಗಳೆಲ್ಲ ಬೆಸೆದುಕೊಂಡು ಕಲ್ಲಿನಂತಿರುತ್ತವೆ. ಆಗ ಕಾಲು ಜಾರಿದವರನ್ನು ತಡೆಯುವಂಥದ್ದು ಏನೂ ಇಲ್ಲ. ಬಿಸಿಲೇರಿದಂತೆ ಮೇಲಿನ ಒಂದೆರಡು ಅಂಗುಲ ಮಾತ್ರ ಸಡಿಲಗೊಂಡು ಕೆಳಗೆ ಗಟ್ಟಿ ನೆಲೆ ಉಳಿಯುತ್ತದೆ. ಜಾರಾಟಕ್ಕೆ ಅದೇ ಸುಮುಹೂರ್ತ. ಇನ್ನೂ ತಡವಾದರೆ ನೀರು ಆಳಕ್ಕಿಳಿದು ಹಿಮ ಕೆಸರಿನಂತಾಗುತ್ತದೆ, ಒದ್ದೆ ಹಿಮಪಾತದ ಭಯ ಹುಟ್ಟುತ್ತದೆ. ಪೂರ್ವದ ಇಳಿಜಾರು ಮೊದಲು ಹದಕ್ಕೆ ಬಂದರೆ ದಕ್ಷಿಣದ್ದು, ಪಶ್ಚಿಮದ್ದು ಆಮೇಲೆ. ರಾತ್ರಿ ಮೋಡ ಕವಿದಿದ್ದರೆ ಹಿಮದ ಶಾಖ ಸರಿಯಾಗಿ ಹೊರಹೋಗದೆ ಅದು ಗಟ್ಟಿಯಾಗಿ ಹೆಪ್ಪುಗಟ್ಟದೇ ಇರಬಹುದು. ಅಂಥ ಮರುದಿನ ಅನುಭವಸ್ಥರು ಕಡಿದಾದ ಇಳಿಜಾರಿನ ಗೊಡವೆಗೆ ಹೋಗುವುದಿಲ್ಲ.

ಟಕರ್‌ಮನ್‌ನಲ್ಲಿ ಅಪಾಯ ಇಷ್ಟಕ್ಕೇ ಮುಗಿಯದು. ಬಿಸಿಲು ಕಾದಂತೆ ಬಂಡೆಗಳಿಗೆ ಅಂಟಿದ ದೊಡ್ಡ ಮಂಜುಗಡ್ಡೆಗಳು ಕಳಚಿ ಬೀಳುತ್ತವೆ. ಹಿಮದಡಿಯಲ್ಲಿ ಹರಿಯುವ ನೀರು ಒಳಗೊಳಗೇ ಪೊಳ್ಳು ಮಾಡುತ್ತದೆ. ಮೇಲೆ ಬಿರುಕುಗಳು ಬಾಯ್ತೆರೆಯುತ್ತವೆ. ಮಧ್ಯಾಹ್ನದ ಮೇಲೆ ನೆರಳು ಕವಿದರೆ ಮೆದುವಾಗಿದ್ದ ಇಳಿಜಾರು ಮತ್ತೆ ಗಾಜಿನಂತಾಗುತ್ತದೆ.

ಈ ಕಮರಿಯ ನೆತ್ತಿಗೋಡೆ ಕೆಲವೆಡೆ 50 ಡಿಗ್ರಿಗೂ ಮೀರಿ ಕಡಿದು. 1939ರ ಏಪ್ರಿಲ್‌ನಲ್ಲಿ ನಡೆದ ‘ಇನ್‌ಫರ್ನೊ’ ಸ್ಪರ್ಧೆಯಲ್ಲಿ ಆಸ್ಟ್ರಿಯಾದ 19ರ ತರುಣ ಟೋನಿ ಮ್ಯಾಟ್ ಇದನ್ನು ತಿರುವೇ ಇಲ್ಲದೆ ನೇರವಾಗಿ ಇಳಿದು, ಶಿಖರದಿಂದ ತಪ್ಪಲಿನವರೆಗಿನ ಸುಮಾರು ನಾಲ್ಕು ಮೈಲಿಯನ್ನು ಆರೂವರೆ ನಿಮಿಷದೊಳಗೆ ಮುಗಿಸಿದ. ಆ ಸಾಹಸದ ಕಥೆಯನ್ನು ಸ್ಕೀ ಲೋಕ ಇಂದಿಗೂ ಮರೆತಿಲ್ಲ. ಆದರೆ ಪ್ರತಿ ವಸಂತದಲ್ಲೂ ಇಲ್ಲಿಗೆ ಬರುವವರಿಗೆ ಬೇಕಾದದ್ದು ವೇಗವಲ್ಲ, ಹದ ಬರುವ ತನಕ ಬಂಡೆಯ ಮೇಲೆ ಕುಳಿತು ಕಾಯುವ ತಾಳ್ಮೆ; ಹದ ತಪ್ಪಿದ ದಿನ ಇಳಿಯದೆಯೇ ಹಿಂದಿರುಗುವ ವಿವೇಕ.