ಕಲಾಕ್ಷೇತ್ರದಲ್ಲಿ ನಾಟಕ ಕಳೆಗಟ್ಟೋದು ಯಾಕೆ? ಕಟ್ಟಡದಲ್ಲೇ ಇದೆ ಉತ್ತರ

ವಿರೂಪಾಕ್ಷಿಪುರ: ನಮ್ಮ ಕಡೆ ‘ಕುರುಕ್ಷೇತ್ರ’ ನಾಟಕ ಅಂದ್ರೆ ದೇವಸ್ಥಾನದ ಮುಂದೆ ಬಾಡಿಗೆ ಸ್ಟೇಜು, ಬಣ್ಣದ ಸೀನರಿ, ಬೆಳಗಿನ ಜಾವದವರೆಗೂ ಹಾರ್ಮೋನಿಯಂ. ಅದೇ ನಾಟಕವನ್ನ ಒಂದ್ಸಲ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಆಡಬೇಕು ಅನ್ನೋ ಆಸೆ ಎಷ್ಟೋ ಹಳ್ಳಿ ಕಲಾವಿದರಿಗಿದೆ. ಜೆ.ಸಿ. ರಸ್ತೆಯ ಆ ಕಟ್ಟಡದಲ್ಲಿ ಅಂಥದ್ದೇನಿದೆ?

1961 ಕವಿ ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ವರ್ಷ. ಆ ನೆನಪಿಗೆ ದೇಶದ ಹಲವು ರಾಜಧಾನಿಗಳಲ್ಲಿ ರಂಗಮಂದಿರಗಳು ಎದ್ದವು. ಹೈದರಾಬಾದಿನ ರವೀಂದ್ರ ಭಾರತಿ, ಚಂಡೀಗಢದ ಟ್ಯಾಗೋರ್ ಥಿಯೇಟರ್ ಎಲ್ಲ ಆ ಸಾಲಿನವೇ. ನಮ್ಮ ಕಲಾಕ್ಷೇತ್ರ ಬಾಗಿಲು ತೆರೆದಿದ್ದು 1963ರಲ್ಲಿ.

ಒಳಗಡೆ ರಂಗ ಫೋಟೊ ಫ್ರೇಮಿನ ಹಾಗಿದೆ. ಮೂರು ಕಡೆ ಮುಚ್ಚಿ ಒಂದೇ ಕಡೆ ತೆರೆದ ಚೌಕಟ್ಟು. ಎರಡೂ ಬದಿಯಲ್ಲಿ ಸೈಡ್ ವಿಂಗ್ ಇರೋದ್ರಿಂದ ದುರ್ಯೋಧನ ಬರೋವರೆಗೂ ಜನರಿಗೆ ಕಾಣಲ್ಲ. ಕೂರೋ ಜಾಗ ಇಳಿಜಾರು, ಹಿಂದಿನವರಿಗೆ ಮುಂದಿನವರ ತಲೆ ಅಡ್ಡ ಬರಲ್ಲ. ನಮ್ಮ ಬಾಡಿಗೆ ಸ್ಟೇಜೂ ಇದೇ ಚೌಕಟ್ಟಿನ ನಕಲು ನೋಡಿ! 19ನೇ ಶತಮಾನದ ಕೊನೆಗೆ ಪಾರ್ಸಿ ಕಂಪನಿಗಳು ತಂದ ಪರದೆ, ಸೀನರಿ ಪದ್ಧತಿ ಕಂಪನಿ ನಾಟಕಗಳ ಮೂಲಕ ಹಳ್ಳಿಗೂ ಬಂತು. ಹಾಗಾಗಿ ಪೌರಾಣಿಕ ನಾಟಕ ಅಲ್ಲಿ ಸಲೀಸಾಗಿ ಕೂರುತ್ತೆ.

ತಮಾಷೆ ಅಂದ್ರೆ, ಕನ್ನಡ ರಂಗಭೂಮಿಗೆ ಹೊಸ ತಿರುವು ಸಿಕ್ಕಿದ್ದು ಆ ಕಟ್ಟಡದ ಹಿತ್ತಲಲ್ಲಿ. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’, ಪಿ. ಲಂಕೇಶರ ‘ಸಂಕ್ರಾಂತಿ’ ಆಡಿಸಿದರು. ಚೌಕಟ್ಟೂ ಇಲ್ಲ, ಪರದೆಯೂ ಇಲ್ಲ. ಈಗ ಅಲ್ಲಿರೋದು ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರ.

ಬಯಲು ರಂಗ ನೋಡೋಕೆ ಬೆಂಗಳೂರಿಗೇ ಹೋಗಬೇಕಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ, ರಾಮನಗರ ಹತ್ತಿರದ ಜಾನಪದ ಲೋಕದಲ್ಲೂ ಒಂದಿದೆ. ಡೊಳ್ಳು, ಪೂಜಾಕುಣಿತ, ಮೂಡಲಪಾಯಕ್ಕೆ ಅದೇ ಸರಿ. ತಮಟೆಯನ್ನ ಹಾಲ್ ಒಳಗೆ ಬಾರಿಸಿದರೆ ಕಿವಿ ಗುಂಯ್ ಅನ್ನುತ್ತೆ.

ಇಷ್ಟೆಲ್ಲ ಯಾಕೆ ಹೇಳಿದ್ದು ಅಂದ್ರೆ, ಊರೂರಲ್ಲಿ ಸಮುದಾಯ ಭವನ ಕಟ್ಟುವಾಗ ‘ನಾಟಕಕ್ಕೂ ಆಗುತ್ತೆ’ ಅಂತಾರೆ. ಬಹುತೇಕ ಕಡೆ ಕಟ್ಟೋದು ಮದುವೆಗೆ. ನೆಲ ಸಮತಟ್ಟು, ಸ್ಟೇಜಿನ ಬದಿಗೆ ಗೋಡೆ, ಮೈಕ್ ಹಾಕಿದರೆ ಮಾತು ಎರಡೆರಡು ಸಲ ಕೇಳುತ್ತೆ. ಮುಂದೆ ನಿಮ್ಮೂರಲ್ಲಿ ಗುದ್ದಲಿ ಪೂಜೆ ಆದ್ರೆ ನಕ್ಷೆ ಕೇಳಿ ನೋಡಿ. ಸ್ಟೇಜಿನ ಎರಡೂ ಬದಿ ಪಾತ್ರಧಾರಿ ಕಾಯೋಕೆ ಜಾಗ ಇದೆಯಾ? ಬಣ್ಣದ ಮನೆಯಿಂದ ಜನರ ಮಧ್ಯೆ ಹಾಯದೆ ರಂಗಕ್ಕೆ ಬರಬಹುದಾ? ಸೀನರಿ ಕಟ್ಟೋಕೆ ಮೇಲೆ ಕಂಬಿ ಇದೆಯಾ? ಇವಕ್ಕೆ ಹೆಚ್ಚು ದುಡ್ಡು ಬೇಕಿಲ್ಲ, ಆದರೆ ತಳಪಾಯ ಹಾಕೋ ಮೊದಲೇ ಹೇಳಬೇಕು.